ಸೊಪ್ಪಿನಬೆಟ್ಟ ಯಾರ ಆಸ್ತಿ? ಲೆಕ್ಕಶಾಸ್ತ್ರದ ಸಿದ್ಧಾಂತ ಮತ್ತು ಮಾನದಂಡಗಳನ್ನು ಓದುವ ಬಗೆ

ಎಂ.ಕಾಂ. ಮೊದಲ ಸೆಮಿಸ್ಟರ್ ಶುರುವಾಗಿ ಎರಡು ವಾರ ಕಳೆಯುವುದರೊಳಗೆ ನನ್ನ ಮೇಜಿನ ಮುಂದೆ ಯಾರಾದರೂ ಒಬ್ಬರು ಬಂದು ನಿಲ್ಲುವುದು ಖಾತ್ರಿ. “ಸರ್, ಲೆಕ್ಕ ಎಷ್ಟು ಬೇಕಾದರೂ ಮಾಡುತ್ತೇನೆ, ಥಿಯರಿ ಮಾತ್ರ ತಲೆಗೆ ಹೋಗುವುದಿಲ್ಲ.” ಹೇಳುವವರು ದಡ್ಡರಲ್ಲ. ಪಾಲುದಾರಿಕೆ ವಿಸರ್ಜನೆಯ ಎರಡು ಪುಟದ ಲೆಕ್ಕವನ್ನು ಒಂದೇ ಏಟಿಗೆ ತಾಳೆ ಮಾಡಿದವರು. ‘ಆಸ್ತಿ ಎಂದರೇನು?’ ಎಂದು ಕೇಳಿದರೆ ಮಾತ್ರ ಪೆನ್ನು ನಿಂತುಬಿಡುತ್ತದೆ.

ನನಗೂ ಹಾಗೇ ಆಗಿತ್ತು. ಸಿರಸಿ ಕಡೆಯ ಹಳ್ಳಿಯಿಂದ ಬಂದವನು ನಾನು. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸ್ನಾತಕೋತ್ತರ ತರಗತಿಯ ಮೊದಲ ಆಂತರಿಕ ಪರೀಕ್ಷೆಯಲ್ಲಿ ಸಿದ್ಧಾಂತದ ಪತ್ರಿಕೆಗೆ 20ಕ್ಕೆ 6 ಅಂಕ ಬಂದಿತ್ತು. ವ್ಯಾಖ್ಯೆಗಳನ್ನೆಲ್ಲ ಸಂಧ್ಯಾವಂದನೆಯ ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ‘ಹೀಗೇಕೆ?’ ಎಂದು ಕೇಳಿದ್ದರು. ನಾನು ‘ಹೀಗೆ’ ಎಂದು ಬರೆದು ಬಂದಿದ್ದೆ.

ಈಗ ಘಟ್ಟದ ಕೆಳಗೆ ಪಾಠ ಹೇಳಿಕೊಂಡಿರುವ ನಾನು ಮೊದಲ ದಿನವೇ ಹುಡುಗರಿಗೆ ಒಂದು ಮಾತು ಹೇಳುತ್ತೇನೆ. ಪ್ರತಿ ಮಾನದಂಡದ, ಅಂದರೆ ಲೆಕ್ಕ ಹೇಗೆ ಬರೆಯಬೇಕೆಂಬ ಅಧಿಕೃತ ನಿಯಮದ, ಹಿಂದೆ ಒಂದು ಜಗಳವಿದೆ. ಸಿದ್ಧಾಂತದ ಪತ್ರಿಕೆಯಲ್ಲಿ ಇರುವುದು ಆ ಜಗಳದ ಎರಡೂ ಕಡೆಯ ವಾದ. ಮಾನದಂಡದಲ್ಲಿ ಇರುವುದು ಸದ್ಯಕ್ಕೆ ಬಂದಿರುವ ತೀರ್ಪು. ವಾದ ಕೇಳದೆ ತೀರ್ಪು ಓದಿದರೆ ಅದು ತಲೆಯಲ್ಲಿ ನಿಲ್ಲುವುದಿಲ್ಲ. ಎರಡು ಪತ್ರಿಕೆಗಳಿಗೆ ಎರಡು ನೋಟ್ಸ್ ಪುಸ್ತಕ ಇಟ್ಟುಕೊಳ್ಳಬೇಡಿ. ಒಂದೇ ಪುಸ್ತಕ ಸಾಕು: ಎಡಪುಟಕ್ಕೆ ಜಗಳ, ಬಲಪುಟಕ್ಕೆ ತೀರ್ಪು.

ಮೊದಲ ಹೆಜ್ಜೆ: ಯಾರ ನಿಯಮ, ಯಾರಿಗೆ ನಿಯಮ

ಇದು ಒಂದು ಸಂಜೆಯ ಕೆಲಸ. ಇದನ್ನು ಮುಗಿಸದೆ ಮುಂದೆ ಹೋದವರು ವರ್ಷವಿಡೀ ಗೊಂದಲದಲ್ಲಿರುತ್ತಾರೆ.

ಭಾರತದಲ್ಲಿ ಕಂಪನಿಗಳಿಗೆ ಎರಡು ಕಂತೆ ಮಾನದಂಡಗಳಿವೆ. ಹಳೆಯದು ಎಎಸ್ (ಅಕೌಂಟಿಂಗ್ ಸ್ಟ್ಯಾಂಡರ್ಡ್), ಹೊಸದು ಅಂತರರಾಷ್ಟ್ರೀಯ ಮಾನದಂಡಗಳನ್ನು ಆಧರಿಸಿದ ಇಂಡ್ ಎಎಸ್ (ಇಂಡಿಯನ್ ಅಕೌಂಟಿಂಗ್ ಸ್ಟ್ಯಾಂಡರ್ಡ್). ಎರಡಕ್ಕೂ ಬಲ ಬರುವುದು 2013ರ ಕಂಪನಿ ಕಾಯ್ದೆಯ 133ನೇ ಕಲಮಿನಿಂದ. ಕರಡು ಸಿದ್ಧಪಡಿಸಿ ಶಿಫಾರಸು ಮಾಡುವುದು ಲೆಕ್ಕಪರಿಶೋಧಕರ ಸಂಸ್ಥೆಯಾದ ಐಸಿಎಐ. ಪರಿಶೀಲಿಸುವುದು 2018ರಲ್ಲಿ ಅಸ್ತಿತ್ವಕ್ಕೆ ಬಂದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ. ಅಧಿಸೂಚನೆ ಹೊರಡಿಸುವುದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ. ಐಸಿಎಐ ತಾನೇ ಕಾನೂನು ಮಾಡುತ್ತದೆ ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನೀವು ಬರೆಯಬೇಡಿ.

ಇಂಡ್ ಎಎಸ್ ನಿಯಮಗಳು 2015ರಲ್ಲಿ ಬಂದವು. 2016ರ ಏಪ್ರಿಲ್ 1ರಿಂದ 500 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಸಂಪತ್ತಿನ ಕಂಪನಿಗಳಿಗೆ, 2017ರ ಏಪ್ರಿಲ್ 1ರಿಂದ ಷೇರುಪೇಟೆಯ ಮುಖ್ಯ ವಿಭಾಗದಲ್ಲಿರುವ ಉಳಿದ ಕಂಪನಿಗಳಿಗೆ ಮತ್ತು ಪಟ್ಟಿಯಲ್ಲಿಲ್ಲದಿದ್ದರೂ 250 ಕೋಟಿ ಮುಟ್ಟಿದವಕ್ಕೆ ಇವು ಕಡ್ಡಾಯವಾದವು. ಈ ಗೆರೆಯ ಕೆಳಗಿರುವ ಕಂಪನಿಗಳು ಎಎಸ್ ಅನುಸರಿಸುತ್ತವೆ. ಬ್ಯಾಂಕುಗಳಿಗೆ ಇಂಡ್ ಎಎಸ್ ಜಾರಿಯನ್ನು ರಿಸರ್ವ್ ಬ್ಯಾಂಕ್ 2019ರಲ್ಲಿ ಮುಂದಿನ ಆದೇಶದವರೆಗೆ ಮುಂದೂಡಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಮನೆಯಲ್ಲಿ ಲೆಕ್ಕಪತ್ರ ಎಂದರೆ ಕಣ್ಣಿಗೆ ಬೀಳುವುದು ಸಹಕಾರಿ ಸಂಘದ ವಾರ್ಷಿಕ ವರದಿ. 1923ರಲ್ಲಿ ಹುಟ್ಟಿದ ಸಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘದಂಥ ದೊಡ್ಡ ಸಂಸ್ಥೆಯಿಂದ ಹಿಡಿದು ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದವರೆಗೆ ಯಾವುದೂ ಕಂಪನಿಯಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಅಡಿಯಲ್ಲಿ ನಡೆಯುವಂಥವು. ವಹಿವಾಟು ಎಷ್ಟೇ ದೊಡ್ಡದಿದ್ದರೂ ಕಂಪನಿ ಕಾಯ್ದೆಯ ಇಂಡ್ ಎಎಸ್ ಅವಕ್ಕೆ ತಾಗುವುದಿಲ್ಲ. ‘ನಮ್ಮ ಸೊಸೈಟಿಯ ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಇದೆಲ್ಲ ಇಲ್ಲವಲ್ಲ ಸರ್’ ಎಂದು ಕೇಳುವವರಿಗೆ ಇದೇ ಉತ್ತರ.

ಸಂಖ್ಯೆ ನೆನಪಿಡಲು ಒಂದು ಉಪಾಯ. ಇಂಡ್ ಎಎಸ್ 1ರಿಂದ 41ರವರೆಗಿನವು ಹಳೆಯ ಅಂತರರಾಷ್ಟ್ರೀಯ ಮಾನದಂಡಗಳಾದ ಐಎಎಸ್‌ಗಳ ಸಂಖ್ಯೆಯನ್ನೇ ಹೊತ್ತಿವೆ. 101ರಿಂದ ಮೇಲಿನವುಗಳಲ್ಲಿ ನೂರು ಕಳೆದರೆ ಈಚಿನ ಅಂತರರಾಷ್ಟ್ರೀಯ ಮಾನದಂಡದ, ಅಂದರೆ ಐಎಫ್‌ಆರ್‌ಎಸ್ ಸಂಖ್ಯೆ ಸಿಗುತ್ತದೆ: ಇಂಡ್ ಎಎಸ್ 115 ಎಂದರೆ ಐಎಫ್‌ಆರ್‌ಎಸ್ 15, ಅಂದರೆ ಆದಾಯ, 116 ಎಂದರೆ 16, ಅಂದರೆ ಗುತ್ತಿಗೆ. ಹಳೆಯ ಎಎಸ್‌ಗಳ ಸಂಖ್ಯೆ ಬೇರೆಯೇ ಜಾತಿ. ಎಎಸ್ 16 ಸಾಲದ ಬಡ್ಡಿವೆಚ್ಚದ್ದು, ಇಂಡ್ ಎಎಸ್ 16 ಕಟ್ಟಡ-ಯಂತ್ರಗಳದ್ದು. ‘ಇಂಡ್’ ಬರೆಯಲು ಮರೆತರೆ ಉತ್ತರವೇ ಬೇರೆಯಾಗುತ್ತದೆ.

ಎರಡನೇ ಹೆಜ್ಜೆ: ವ್ಯಾಖ್ಯೆಯನ್ನು ಬೆಟ್ಟಕ್ಕೆ ಕರೆದೊಯ್ಯಿರಿ

ಈ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಮಂಡಳಿ 2018ರ ಮಾರ್ಚ್‌ನಲ್ಲಿ ಪರಿಷ್ಕರಿಸಿದ ಪರಿಕಲ್ಪನಾ ಚೌಕಟ್ಟಿನಲ್ಲಿ (ಮಾನದಂಡಗಳಿಗೆ ತಳಹದಿಯಾದ ದಾಖಲೆ) ಆಸ್ತಿಯ ವ್ಯಾಖ್ಯೆಯ ಸಾರ ಇಷ್ಟು: ಹಿಂದೆ ನಡೆದ ಘಟನೆಯ ಫಲವಾಗಿ ಸಂಸ್ಥೆಯ ನಿಯಂತ್ರಣದಲ್ಲಿ ಈಗ ಇರುವ ಆರ್ಥಿಕ ಸಂಪನ್ಮೂಲ. ಆರ್ಥಿಕ ಸಂಪನ್ಮೂಲ ಎಂದರೆ ಲಾಭ ತರುವ ಸಾಮರ್ಥ್ಯವುಳ್ಳ ಹಕ್ಕು. ಓದಿದಿರಿ, ತಲೆಯಾಡಿಸಿದಿರಿ, ಮರೆತಿರಿ. ಈಗ ಸೊಪ್ಪಿನಬೆಟ್ಟಕ್ಕೆ ನಡೆಯಿರಿ.

ಘಟ್ಟದ ಮೇಲಿನವರಿಗೆ ವಿವರಿಸಬೇಕಿಲ್ಲ. ಕಾರವಾರ, ಅಂಕೋಲಾ ಕಡೆಯವರಿಗಾಗಿ ಹೇಳುತ್ತೇನೆ: ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ತೋಟಿಗರಿಗೆ ಬಿಟ್ಟುಕೊಟ್ಟ ಕಾಡಿನ ತುಂಡು ಅದು. ನೆಲ ಸರ್ಕಾರದ್ದು. ಅಲ್ಲಿ ಮನೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಆದರೆ ನಮ್ಮ ತೋಟಕ್ಕೆ ಸೇರಿದ ಬೆಟ್ಟಕ್ಕೆ ಪಕ್ಕದ ಮನೆಯವರು ಕತ್ತಿ ಹಿಡಿದು ಬಂದರೆ ಊರಿನಲ್ಲಿ ಪಂಚಾಯಿತಿಯಾಗುತ್ತದೆ.

ಒಂದು ಕಂಪನಿ ಇಂಥ ಹಕ್ಕಿರುವ ತೋಟವೊಂದನ್ನು ನಡೆಸುತ್ತಿದೆ ಎಂದುಕೊಳ್ಳಿ. ಸೊಪ್ಪಿನಬೆಟ್ಟ ಅದರ ಆಸ್ತಿಯೇ?

ಮೊದಲ ಸಲ ಕೇಳಿದಾಗ ತರಗತಿ ಎರಡಾಗುತ್ತದೆ. ‘ನೆಲ ತಮ್ಮದಲ್ಲವಲ್ಲ, ಆಸ್ತಿ ಹೇಗಾದೀತು?’ ಎಂದು ಒಂದು ಪಕ್ಷ. ‘ಸೊಪ್ಪಿಲ್ಲದೆ ತೋಟವೇ ಇಲ್ಲ, ಆಸ್ತಿಯಲ್ಲದೆ ಮತ್ತೇನು?’ ಎಂದು ಇನ್ನೊಂದು. ಎರಡೂ ಪಕ್ಷದವರು ನೆಲವನ್ನು ನೋಡುತ್ತಿದ್ದಾರೆ. ಚೌಕಟ್ಟು ನೋಡಲು ಹೇಳುವುದು ಹಕ್ಕನ್ನು. ಸೊಪ್ಪು ತರುವ ಹಕ್ಕಿದೆ. ಗೊಬ್ಬರದ ಖರ್ಚು ಉಳಿಯುವುದರಿಂದ ಅದಕ್ಕೆ ಲಾಭ ತರುವ ಸಾಮರ್ಥ್ಯವೂ ಇದೆ. ಬೇರೆಯವರನ್ನು ತಡೆಯಬಲ್ಲೆವಾದ್ದರಿಂದ, ಪೂರ್ತಿ ಅಲ್ಲದಿದ್ದರೂ, ಆ ಹಕ್ಕಿನ ಮಟ್ಟಿಗೆ ನಿಯಂತ್ರಣವಿದೆ. ಹಾಗಾಗಿ ನೆಲ ಆಸ್ತಿಯಾಗದಿದ್ದರೂ ಹಕ್ಕು ಆಸ್ತಿಯ ವ್ಯಾಖ್ಯೆಯೊಳಗೆ ಬರುತ್ತದೆ ಎಂದು ವಾದಿಸಬಹುದು.

ಹಾಗಾದರೆ ಅಢಾವೆ ಪತ್ರಿಕೆಯಲ್ಲಿ ಬರೆಯೋಣವೇ? ಎಷ್ಟಕ್ಕೆ? ಅದನ್ನು ದುಡ್ಡು ಕೊಟ್ಟು ಕೊಂಡಿಲ್ಲ. ಅದನ್ನಷ್ಟೇ ಪ್ರತ್ಯೇಕವಾಗಿ ಮಾರುವ ಪೇಟೆಯೂ ಇಲ್ಲ. ವ್ಯಾಖ್ಯೆಗೆ ಹೊಂದುವುದು ಒಂದು, ಪುಸ್ತಕಕ್ಕೆ ಏರುವುದು ಇನ್ನೊಂದು. ಏರಬೇಕಾದರೆ ಅದರ ಮಾಹಿತಿ ಓದುಗರಿಗೆ ಪ್ರಸ್ತುತವಾಗಿರಬೇಕು, ಇದ್ದದ್ದನ್ನು ಇದ್ದ ಹಾಗೆ ತೋರಿಸುವಂತಿರಬೇಕು. ಈ ಎರಡು ಗುಣಗಳೇ ಚೌಕಟ್ಟಿನ ಮೂಲಭೂತ ಗುಣಗಳು. ಹೋಲಿಕೆ, ಪರಿಶೀಲನೆಗೆ ಸಿಗುವುದು, ಸಕಾಲಿಕತೆ, ಅರ್ಥವಾಗುವಿಕೆ ಎಂಬ ನಾಲ್ಕು ಇವುಗಳಿಗೆ ಬಲ ತುಂಬುವಂಥವು. ಬೆಟ್ಟದ ಹಕ್ಕಿಗೆ ಹಾಕುವ ಯಾವ ಬೆಲೆಯೂ ಊಹೆಯೇ ಆಗುವುದರಿಂದ ಟಿಪ್ಪಣಿಯಲ್ಲಿ ಹೇಳಿ ಬಿಡುವುದು ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ನಿಲುವು. ನೀವು ಒಪ್ಪದಿರಬಹುದು. ಒಪ್ಪದೆ ಕಾರಣ ಕೊಟ್ಟು ಬರೆದವರಿಗೇ ನಾನು ಹೆಚ್ಚು ಅಂಕ ಕೊಡುವುದು.

ಈ ಒಂದು ಬೆಟ್ಟದ ಮೇಲೆ ವ್ಯಾಖ್ಯೆ, ನಿಯಂತ್ರಣ, ಗುರುತಿಸುವಿಕೆ, ಅಳತೆ, ಗುಣಲಕ್ಷಣ, ಟಿಪ್ಪಣಿ ಎಲ್ಲವೂ ಬಂದುಹೋದವು. ಬಾಯಿಪಾಠದಲ್ಲಿ ಇವೆಲ್ಲ ಆರು ಬೇರೆ ಬೇರೆ ಪ್ರಶ್ನೆಗಳು.

ಇದೇ ರೀತಿ ‘ಎಚ್ಚರ’ ಎಂಬ ಗುಣದ ಕಥೆಯನ್ನೂ ಓದಿ. ಅನಿಶ್ಚಿತತೆ ಇದ್ದಲ್ಲಿ ಲಾಭವನ್ನು ಉಬ್ಬಿಸದಿರುವ ಎಚ್ಚರ ಹಳೆಯ ಲೆಕ್ಕಿಗರಿಗೆ ರಕ್ತಗತ. 2010ರ ಚೌಕಟ್ಟಿನಲ್ಲಿ ತಟಸ್ಥತೆಗೆ ಧಕ್ಕೆ ಎಂದು ಅದನ್ನು ಕೈಬಿಟ್ಟರು. ದೊಡ್ಡ ಗಲಾಟೆಯಾಯಿತು. 2018ರಲ್ಲಿ, ಆಸ್ತಿಯನ್ನು ಹಿಗ್ಗಿಸಲೂ ಬಾರದು, ಬೇಕೆಂದೇ ಕುಗ್ಗಿಸಲೂ ಬಾರದು ಎಂಬ ವಿವರಣೆಯೊಂದಿಗೆ ವಾಪಸು ತಂದರು. ಎಡಪುಟಕ್ಕೆ ಇದಕ್ಕಿಂತ ಒಳ್ಳೆಯ ಜಗಳ ಬೇಡ.

ಮೂರನೇ ಹೆಜ್ಜೆ: ಒಂದೇ ಒಂದು ಮಾನದಂಡವನ್ನು ಮೂಲದಲ್ಲಿ ಓದಿ

ಗೈಡುಗಳು ನಲವತ್ತು ಮಾನದಂಡಗಳನ್ನು ನಲವತ್ತು ಪುಟಗಳಲ್ಲಿ ಮುಗಿಸುತ್ತವೆ. ಬೇಡ. ಸಚಿವಾಲಯದ ಮತ್ತು ಐಸಿಎಐ ಜಾಲತಾಣಗಳಲ್ಲಿ ಮೂಲಪಠ್ಯ ಪುಕ್ಕಟೆ ಸಿಗುತ್ತದೆ. ಮೊದಲು ಚಿಕ್ಕದೊಂದನ್ನು ತೆಗೆದುಕೊಂಡು ಮೊದಲ ಪ್ಯಾರಾದಿಂದ ಕೊನೆಯ ಪ್ಯಾರಾದವರೆಗೆ ಓದಿ. ನಮ್ಮವರಿಗೆ ನಾನು ಹೇಳುವುದು ಇಂಡ್ ಎಎಸ್ 41, ಕೃಷಿ. ಊರಿನ ಹುಡುಗರು ಪೇಟೆಯವರಿಗಿಂತ ಮುಂದಿರುವ ಏಕೈಕ ಮಾನದಂಡ ಇದು. ಬೇರೆಯವರು ಉದಾಹರಣೆಗೆ ಪರದಾಡುವಾಗ ನಿಮಗೆ ಅಂಗಳದಲ್ಲೇ ಸಿಗುತ್ತದೆ.

ಈ ಮಾನದಂಡದ ಮೊದಲ ಪ್ರಶ್ನೆ ಯಾವುದು ಗೊತ್ತೇ? ಅದನ್ನು ನನ್ನ ದೊಡ್ಡಪ್ಪ ಯಾವ ಮಾನದಂಡವನ್ನೂ ಓದದೆ ಕೇಳಿದ್ದರು. ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ದಿನ ತೋಟದಲ್ಲಿ ನೋಟ್ಸ್ ಹಿಡಿದು ಕುಳಿತಿದ್ದೆ. ಮರದ ಮೇಲೆ ಗೊನೆ ಕೊಯ್ಯುವ ಕೊನೆಗೌಡ, ಕೆಳಗೆ ಹಗ್ಗ ಹಿಡಿದವರು. “ಅಡಿಕೆ ಮರಕ್ಕೆ ಪ್ರತಿ ವರ್ಷ ಪೇಟೆಯ ಬೆಲೆ ಕಟ್ಟಬೇಕಂತೆ ದೊಡ್ಡಪ್ಪ” ಎಂದೆ, ಹಳೆಯ ಪುಸ್ತಕವೊಂದರಲ್ಲಿ ಓದಿದ್ದನ್ನು. ಅವರು ಕವಳ ಉಗುಳಿ ಬಂದು ಕೇಳಿದರು: “ತಮ್ಮಾ, ನಾವು ಮಾರುವುದು ಮರವನ್ನೋ, ಅಡಿಕೆಯನ್ನೋ?”

ಜಗತ್ತಿನ ತೋಟಗಾರಿಕೆ ಕಂಪನಿಗಳೂ ಕೇಳಿದ್ದು ಅದನ್ನೇ. ಐಎಎಸ್ 41 2003ರಲ್ಲಿ ಜಾರಿಗೆ ಬಂದಾಗ ಎಣ್ಣೆತಾಳೆ, ರಬ್ಬರ್ ಮರಗಳಿಗೂ ನ್ಯಾಯಯುತ ಮೌಲ್ಯ (ಫೇರ್ ವ್ಯಾಲ್ಯೂ, ಅಂದರೆ ಅಂದಿನ ಪೇಟೆಯ ಬೆಲೆ) ಕಟ್ಟಬೇಕಿತ್ತು. ಮಾರಲು ಇಟ್ಟಿಲ್ಲದ ಮರದ ಬೆಲೆ ಏರಿತೆಂದು ಲಾಭ, ಇಳಿಯಿತೆಂದು ನಷ್ಟ. ಮಲೇಷ್ಯಾದಂಥ ದೇಶಗಳಿಂದ ಆಕ್ಷೇಪ ಬಂತು. 2014ರಲ್ಲಿ ತಿದ್ದುಪಡಿಯಾಯಿತು. ಭಾರತದ ಇಂಡ್ ಎಎಸ್ ಬಂದಿದ್ದು ಈ ತಿದ್ದುಪಡಿಯ ನಂತರ. ತೀರ್ಪು ಹೀಗಿದೆ: ಒಂದಕ್ಕಿಂತ ಹೆಚ್ಚು ಅವಧಿಗೆ ಫಸಲು ಕೊಡುವ, ಗಿಡವನ್ನೇ ಉತ್ಪನ್ನವಾಗಿ ಮಾರುವ ಸಾಧ್ಯತೆ ತೀರಾ ಕಡಿಮೆ ಇರುವ ಸಸ್ಯ ‘ಫಸಲು ಹೊರುವ ಸಸ್ಯ’. ಅದು ಯಂತ್ರದ ಹಾಗೆ ಇಂಡ್ ಎಎಸ್ 16ಕ್ಕೆ ಹೋಗುತ್ತದೆ. ಫಸಲು ಬರುವವರೆಗಿನ ಐದಾರು ವರ್ಷದ ಖರ್ಚು ಮರದ ವೆಚ್ಚಕ್ಕೆ ಸೇರುತ್ತದೆ, ಆಮೇಲೆ ಸವಕಳಿ. ಮುದಿಯಾದ ಮರವನ್ನು ಕಡಿದು ದಬ್ಬೆಗೆ (ಸೀಳುಪಟ್ಟಿಗೆ) ಮಾರಿದರೂ ಅದು ಗುಜರಿ ಮಾರಾಟದ ಲೆಕ್ಕ, ವ್ಯಾಖ್ಯೆ ಕೆಡುವುದಿಲ್ಲ. ಆದರೆ ಮರದ ಮೇಲಿರುವ ಕಾಯಿ ಇಂಡ್ ಎಎಸ್ 41ರಲ್ಲೇ ಉಳಿಯುತ್ತದೆ.

ಈಗ ನಿಮ್ಮ ತೋಟವನ್ನು ಒಂದು ಸುತ್ತು ಹಾಕಿ ಬನ್ನಿ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಏನು? ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಮರಮಟ್ಟಿಗೆಂದು ಬೆಳೆಸಿದ ಸಾಗುವಾನಿ? ಗದ್ದೆಯ ಭತ್ತ? ಒಂದೇ ಗೊನೆ ಬಿಟ್ಟು ಬೀಳುವ, ಆದರೆ ಬುಡದಿಂದ ಮರಿ ಹುಟ್ಟಿಸಿಕೊಂಡು ಹೋಗುವ ಬಾಳೆ? ಮೊದಲ ಮೂರು ಸುಲಭ: ಬಳ್ಳಿ ಫಸಲು ಹೊರುವಂಥದ್ದು, ಸಾಗುವಾನಿ ಮತ್ತು ಭತ್ತ ಹಾಗಲ್ಲ. ಬಾಳೆಯ ಬಗ್ಗೆ ನಿಮ್ಮ ವಾದವನ್ನು ಅರ್ಧ ಪುಟ ಬರೆಯಿರಿ.

ಲೆಕ್ಕವಿಲ್ಲದೆ ಇದು ಕೈಗೆ ಹತ್ತುವುದಿಲ್ಲ. ಅಂಕಿಗಳು ಅಭ್ಯಾಸಕ್ಕಾಗಿ ಹಾಕಿಕೊಂಡವು, ಪೇಟೆಯ ಧಾರಣೆಯಲ್ಲ. ಕಂಪನಿಯ ತೋಟದಲ್ಲಿ ಡಿಸೆಂಬರ್‌ನಲ್ಲಿ 100 ಕ್ವಿಂಟಲ್ ಹಸಿ ಅಡಿಕೆ ಕೊಯ್ದರು. ಸಿರಸಿ ಪೇಟೆಯಲ್ಲಿ ಹಸಿ ಅಡಿಕೆಗೆ ಕ್ವಿಂಟಲ್‌ಗೆ ₹6,000. ಲಾರಿ ಬಾಡಿಗೆ ಕ್ವಿಂಟಲ್‌ಗೆ ₹100, ದಲಾಲಿ ₹150. ಕೊಯ್ಲಿನ ಗಳಿಗೆಯಲ್ಲಿ ಎಷ್ಟಕ್ಕೆ ಬರೆಯಬೇಕು?

ಬಾಡಿಗೆ ಮತ್ತು ದಲಾಲಿ ಎರಡನ್ನೂ ಒಂದೇ ಸಾಲಿನಲ್ಲಿ ಕಳೆದುಬಿಡುವುದು ಸಾಮಾನ್ಯ ತಪ್ಪು. ಮೊತ್ತ ಒಂದೇ ಬರುತ್ತದೆ, ಅಂಕ ಬರುವುದಿಲ್ಲ. ಅಡಿಕೆ ಇರುವ ಜಾಗದಿಂದ ಪೇಟೆಗೆ ಸಾಗಿಸುವ ಖರ್ಚು ನ್ಯಾಯಯುತ ಮೌಲ್ಯದೊಳಗೇ ಕಳೆಯುವಂಥದ್ದು: 6,000ದಲ್ಲಿ 100 ಹೋದರೆ ₹5,900. ದಲಾಲಿ ಮಾರಾಟದ ವೆಚ್ಚ, ಅದು ಆಮೇಲೆ: ₹5,750. ನೂರು ಕ್ವಿಂಟಲ್‌ಗೆ ₹5,75,000. ಕಳೆದ ಮಾರ್ಚ್ 31ರಂದು ಮರದ ಮೇಲಿದ್ದ ಎಳೆಕಾಯಿಯನ್ನು ₹1,50,000ಕ್ಕೆ ತೋರಿಸಿದ್ದರೆ, ವರ್ಷದ ತೋಟದ ಖರ್ಚನ್ನು ಖರ್ಚೆಂದೇ ಬರೆದಿದ್ದರೆ, ಈಗ ಲಾಭ-ನಷ್ಟ ಪಟ್ಟಿಗೆ ₹4,25,000 ಗಳಿಕೆ ಹೋಗುತ್ತದೆ. ಒಂದು ಅಡಿಕೆಯೂ ಇನ್ನೂ ಮಾರಾಟವಾಗಿಲ್ಲ!

ಇಲ್ಲಿಂದಾಚೆ ಇಂಡ್ ಎಎಸ್ 41ಕ್ಕೆ ಕೆಲಸವಿಲ್ಲ. ₹5,75,000 ಈಗ ದಾಸ್ತಾನಿನ ವೆಚ್ಚ, ಇಂಡ್ ಎಎಸ್ 2ರ ಪಾಲು. ಸುಲಿದು, ಬೇಯಿಸಿ, ಒಣಗಿಸಿ ರಾಶಿ ಅಡಿಕೆ ಮಾಡಲು ಕೂಲಿ, ಕಟ್ಟಿಗೆ ಸೇರಿ ₹1,25,000 ಆಯಿತು, ಒಟ್ಟು ₹7,00,000. ಮಾರ್ಚ್ 31ಕ್ಕೆ ಮಾಲು ವಖಾರಿಯಲ್ಲೇ ಇದೆ, ಧಾರಣೆ ಕುಸಿದು ಖರ್ಚು ಕಳೆದ ನಂತರ ಕೈಗೆ ಬರಬಹುದಾದ್ದು ₹6,80,000. ವೆಚ್ಚ ಮತ್ತು ಇದರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಬರೆಯಬೇಕಾದ್ದರಿಂದ ₹20,000 ನಷ್ಟ. ಕೊಯ್ಯುವವರೆಗೆ ಏರಿಕೆಯನ್ನು ಒಪ್ಪುವ ಲೆಕ್ಕ, ಕೊಯ್ದ ಮೇಲೆ ಇಳಿಕೆಯನ್ನು ಮಾತ್ರ ಒಪ್ಪುತ್ತದೆ. ಕೊಯ್ಲಿನ ನಂತರವೂ ಕೈಗೆ ಬರುವ ಮೌಲ್ಯಕ್ಕೇ ದಾಸ್ತಾನು ಬರೆಯುವ ರೂಢಿ ಬಲವಾಗಿ ಬೇರೂರಿದ್ದರೆ ಇಂಡ್ ಎಎಸ್ 2ರಲ್ಲಿ ಅದಕ್ಕೂ ವಿನಾಯಿತಿಯಿದೆ. ವ್ಯಾಪ್ತಿಯ ಪ್ಯಾರಾ ಓದದವರಿಗೆ ಅದು ಗೊತ್ತಾಗುವುದಿಲ್ಲ.

ಇದನ್ನು ದೊಡ್ಡಪ್ಪನಿಗೆ ವಿವರಿಸಿದಾಗ ಅವರು ಹೇಳಿದ್ದು: “ಕೊನೆ ಇಳಿಸಿದ ಮಾತ್ರಕ್ಕೆ ಲಾಭವೇ? ವಖಾರಿಯಿಂದ ಮಾರಾಟದ ಪಟ್ಟಿ ಕೈಗೆ ಬರಲಿ, ಆಮೇಲೆ ಮಾತಾಡು.” ಪುಸ್ತಕದ ಭಾಷೆಯಲ್ಲಿ ಇದಕ್ಕೆ ‘ರಿಯಲೈಸೇಶನ್’ ತತ್ವ ಎನ್ನುತ್ತಾರೆ. ಮಾರಾಟವಾಗದೆ ಲಾಭವಿಲ್ಲ ಎನ್ನುವುದು ಒಂದು ಪಕ್ಷ. ಸದಾ ಪೇಟೆಯಿರುವ, ಬೆಳೆಯುವುದೇ ಮುಖ್ಯ ಘಟನೆಯಾಗಿರುವ ಮಾಲಿಗೆ ಮಾರಾಟದವರೆಗೆ ಕಾಯುವುದು ಸತ್ಯವನ್ನು ಮುಚ್ಚಿಟ್ಟಂತೆ ಎನ್ನುವುದು ಇನ್ನೊಂದು. ಚಾರಿತ್ರಿಕ ವೆಚ್ಚವೋ, ನ್ಯಾಯಯುತ ಮೌಲ್ಯವೋ ಎಂಬ ಹತ್ತು ಅಂಕದ ಪ್ರಶ್ನೆಗೆ ಈ ಒಂದು ಲೆಕ್ಕವನ್ನು ಉದಾಹರಣೆಯಾಗಿ ಹಾಕಿ ನೋಡಿ.

ನಾಲ್ಕನೇ ಹೆಜ್ಜೆ: ವ್ಯಾಪ್ತಿ ಓದದೆ ಮುಂದೆ ಹೋಗಬೇಡಿ

ಪ್ರತಿ ಮಾನದಂಡದ ಮೊದಲ ಕೆಲವು ಪ್ಯಾರಾಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂದಿರುತ್ತದೆ. ವಿದ್ಯಾರ್ಥಿಗಳು ಹಾರಿಸುವುದೂ, ಪ್ರಶ್ನೆ ತೆಗೆಯುವವರು ಕಣ್ಣಿಡುವುದೂ ಅದರ ಮೇಲೇ.

ಕುಮಟಾ ಕಡೆಯವರು ತದಡಿಗೆ ಹೋಗಿ ನಿಂತರೆ ಸಾಕು. ಬಂದರಿಗೆ ಬರುವ ಬೋಟಿನ ಬಂಗಡೆ ಸಮುದ್ರದ್ದು. ಅದನ್ನು ಯಾರೂ ಸಾಕಿಲ್ಲ, ನಿರ್ವಹಿಸಿಲ್ಲ. ನಿರ್ವಹಣೆಯಿಲ್ಲದ ಮೂಲದಿಂದ ಹಿಡಿಯುವುದು ಇಂಡ್ ಎಎಸ್ 41ರ ಪ್ರಕಾರ ಕೃಷಿಯಲ್ಲ. ಸಮುದ್ರದ ಮೀನುಗಾರಿಕೆಯನ್ನು ಅದು ಹೆಸರಿಟ್ಟೇ ಹೊರಗಿಡುತ್ತದೆ. ಅದೇ ಅಘನಾಶಿನಿಯ ಹಿನ್ನೀರಿನ ಗಜನಿಯಲ್ಲಿ (ಉಪ್ಪುನೀರಿನ ಗದ್ದೆ) ಮರಿ ಬಿಟ್ಟು, ಆಹಾರ ಹಾಕಿ ಬೆಳೆಸಿದ ಸಿಗಡಿ ಜೈವಿಕ ಆಸ್ತಿ, ಅಂದರೆ ಇಂಡ್ ಎಎಸ್ 41ರೊಳಗೆ ಬರುವ ಜೀವಂತ ಆಸ್ತಿ. ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತವೂ ಅಷ್ಟೇ. ನೀರು ಒಂದೇ, ಮಾನದಂಡ ಬೇರೆ.

ಕಾರವಾರದವರಿಗೆ ಬೈತಖೋಲ ಬಂದರಿನ ಬೋಟೇ ಇಂಡ್ ಎಎಸ್ 16ರ ಪಾಠ. ಒಡಲು, ಎಂಜಿನ್, ಬಲೆ ಮೂರರ ಆಯುಸ್ಸೂ ಬೇರೆ. ವೆಚ್ಚದಲ್ಲಿ ಗಣನೀಯ ಪಾಲಿರುವ ಪ್ರತಿ ಭಾಗಕ್ಕೂ ಪ್ರತ್ಯೇಕ ಸವಕಳಿ ಹಾಕಬೇಕು ಎಂಬ ನಿಯಮವನ್ನು ಬೋಟಿನ ಮಾಲೀಕರಿಗೆ ಹೇಳಿದರೆ ‘ಮತ್ತೆ ಹೇಗೆ ಹಾಕುತ್ತಾರೆ?’ ಎಂದು ಅವರೇ ಕೇಳಿಯಾರು.

ಐದನೇ ಹೆಜ್ಜೆ: ನಿಜವಾದ ವಾರ್ಷಿಕ ವರದಿ

ನಮ್ಮ ಜಿಲ್ಲೆಯಲ್ಲೇ ಷೇರುಪೇಟೆಯ ಪಟ್ಟಿಯಲ್ಲಿರುವ ಕಾರ್ಖಾನೆಯಿದೆ: ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ಅದರ ವಾರ್ಷಿಕ ವರದಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ದಾಖಲೆ. ಮುನ್ನುಡಿ, ಫೋಟೋ ಬಿಟ್ಟು ನೇರ ಮೂರು ಜಾಗಕ್ಕೆ ಹೋಗಿ. ಒಂದು, ಲೆಕ್ಕಪತ್ರ ನೀತಿಗಳ ಟಿಪ್ಪಣಿ: ದಾಸ್ತಾನು, ಸವಕಳಿ, ಆದಾಯ ಈ ಮೂರಕ್ಕೆ ಏನು ಹೇಳಿದ್ದಾರೆ, ಯಾವ ಇಂಡ್ ಎಎಸ್‌ನ ಮಾತು ಅದು ಎಂದು ಅಂಚಿನಲ್ಲಿ ಬರೆಯಿರಿ. ಎರಡು, ಸಂಭಾವ್ಯ ಹೊಣೆಗಳು (ಮುಂದೆ ಬಿದ್ದರೂ ಬೀಳಬಹುದಾದ ಹೊರೆ): ಇಂಡ್ ಎಎಸ್ 37 ಜೀವಂತವಾಗಿ ಕಾಣುವ ಜಾಗ. ಮೂರು, ಲೆಕ್ಕಪರಿಶೋಧಕರ ವರದಿಯಲ್ಲಿ ಬರುವ ಪ್ರಮುಖ ಪರಿಶೋಧನಾ ವಿಷಯಗಳು. ಎಲ್ಲಿ ಅಂದಾಜು ಹೆಚ್ಚೋ ಅಲ್ಲಿ ಪರಿಶೋಧಕರು ತಡಕಾಡುತ್ತಾರೆ. ಸಿದ್ಧಾಂತದ ಜಗಳಗಳೂ ಅಲ್ಲೇ ಇರುತ್ತವೆ.

ಅದರ ಪಕ್ಕಕ್ಕೆ ಮನೆಗೆ ಬಂದ ಸೊಸೈಟಿಯ ವರದಿ ಇಡಿ. ಎರಡರ ಟಿಪ್ಪಣಿಗಳ ಪುಟ ಎಣಿಸಿ. ಯಾರಿಗಾಗಿ ಬರೆದ ವರದಿ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಒಂದರ ಓದುಗರು ಕಂಪನಿಯ ಒಳಗನ್ನು ಎಂದೂ ಕಾಣದ ಹೂಡಿಕೆದಾರರು, ಇನ್ನೊಂದರ ಓದುಗರು ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯರು.

ಆಡಳಿತದವರು ಒಂದು ವಿಧಾನ ಬಿಟ್ಟು ಇನ್ನೊಂದನ್ನು ಏಕೆ ಆರಿಸುತ್ತಾರೆ ಎಂಬುದಕ್ಕೆ ವಾಟ್ಸ್ ಮತ್ತು ಝಿಮ್ಮರ್‌ಮನ್ 1978ರಿಂದ ಕಟ್ಟಿದ ‘ಪಾಸಿಟಿವ್’ ಸಿದ್ಧಾಂತವಿದೆ. ‘ಹೇಗೆ ಬರೆಯಬೇಕು’ ಎಂಬುದನ್ನು ಬಿಟ್ಟು ‘ಜನ ಹೀಗೇಕೆ ಬರೆಯುತ್ತಾರೆ’ ಎಂದು ಅದು ಕೇಳುತ್ತದೆ. ಬೋನಸ್, ಸಾಲದ ಷರತ್ತು, ರಾಜಕೀಯ ವೆಚ್ಚ ಎಂಬ ಮೂರು ಊಹೆಗಳು ಅದರ ಬೆನ್ನೆಲುಬು. ಸಾಲ ಕೇಳುವಾಗ ತೋಟ ದೊಡ್ಡದು, ಪಾಲು ಕೊಡುವಾಗ ತೋಟ ಚಿಕ್ಕದು ಎಂಬುದನ್ನು ಕಂಡವರಿಗೆ ಈ ಅಧ್ಯಾಯಕ್ಕೆ ಒಂದು ಗಂಟೆ ಸಾಕು.

ಭಾರತ ಅಂತರರಾಷ್ಟ್ರೀಯ ಮಾನದಂಡವನ್ನು ಬೇಕೆಂದೇ ಬಿಟ್ಟು ನಡೆದ ಜಾಗಗಳನ್ನೂ ಗುರುತಿಸಿಕೊಳ್ಳಿ. ಹೂಡಿಕೆಗಾಗಿ ಇಟ್ಟ ಕಟ್ಟಡಕ್ಕೆ ಐಎಎಸ್ 40 ನ್ಯಾಯಯುತ ಮೌಲ್ಯವನ್ನೂ ಒಪ್ಪುತ್ತದೆ, ಇಂಡ್ ಎಎಸ್ 40 ವೆಚ್ಚವನ್ನು ಮಾತ್ರ. ಕಂಪನಿಯೊಂದನ್ನು ಅಗ್ಗಕ್ಕೆ ಕೊಂಡಾಗ ಬರುವ ಗಳಿಕೆಯನ್ನು ಐಎಫ್‌ಆರ್‌ಎಸ್ 3 ಲಾಭಕ್ಕೆ ಕಳಿಸುತ್ತದೆ, ಇಂಡ್ ಎಎಸ್ 103 ಬಂಡವಾಳ ಮೀಸಲಿನ ಕಡೆಗೆ. ‘ಎಚ್ಚರ’ದ ಹಳೆಯ ವಾದ ಇಲ್ಲಿ ಮತ್ತೆ ತಲೆ ಎತ್ತಿದೆ.

ಆರನೇ ಹೆಜ್ಜೆ: ಉತ್ತರ ಬರೆಯುವುದು

ಪ್ರಕರಣ ಕೊಟ್ಟಾಗ ಮಾನದಂಡದ ಹೆಸರಿನಿಂದ ಆರಂಭಿಸಬೇಡಿ. ಮೊದಲು ತಕರಾರು ಏನು ಎಂದು ಒಂದು ವಾಕ್ಯ. ನಂತರ ನಿಯಮ. ನಂತರ ಪ್ರಕರಣದ ಯಾವ ಅಂಶ ನಿಯಮದ ಯಾವ ಮಾತಿಗೆ ತಾಗುತ್ತದೆ ಎಂಬುದು. ಬಹುಪಾಲು ಅಂಕ ಇರುವುದು ಇಲ್ಲಿ, ನಮ್ಮವರು ಎರಡು ಸಾಲಿನಲ್ಲಿ ಮುಗಿಸುವುದೂ ಇಲ್ಲೇ. ಕೊನೆಗೆ ತೀರ್ಮಾನ, ಜೊತೆಗೆ ಜರ್ನಲ್ ನಮೂದು.

ಒಂದು ಜೋಡಿ ಪ್ರಕರಣದಲ್ಲಿ ತೋರಿಸುತ್ತೇನೆ. ತೋಟವಿರುವ ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯಿತು. ಆಡಳಿತ ಮಂಡಳಿ ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಡುವುದು ಜುಲೈ ಕೊನೆಗೆ. ಜೂನ್‌ನಲ್ಲಿ ಮಳೆ ಬಿಡದೆ ಹೊಡೆದು, ಬೋರ್ಡೋ ದ್ರಾವಣ ಸಿಂಪಡಿಸಲು ಪುರುಸೊತ್ತೇ ಸಿಗದೆ, ಕೊಳೆರೋಗದಿಂದ ಅರ್ಧ ಫಸಲು ಉದುರಿತು. ಮಾರ್ಚ್ 31ರ ಅಂಕಿ ತಿದ್ದಬೇಕೇ? ಬೇಡ. ಆ ದಿನ ರೋಗವಿರಲಿಲ್ಲ. ಸ್ಥಿತಿ ಹುಟ್ಟಿದ್ದೇ ಆಮೇಲೆ. ಇಂಡ್ ಎಎಸ್ 10ರ ಪ್ರಕಾರ ಇದು ಹೊಂದಾಣಿಕೆ ಬೇಡದ ಘಟನೆ. ದೊಡ್ಡ ಮೊತ್ತವಾದರೆ ಟಿಪ್ಪಣಿಯಲ್ಲಿ ಹೇಳಬೇಕು. ಎರಡನೆಯದು: ಮರಗಳಿಗೆ ಎಲೆಚುಕ್ಕೆ ರೋಗ ಮಾರ್ಚ್‌ಗೆ ಮೊದಲೇ ತಗುಲಿತ್ತು, ತೀವ್ರತೆ ಎಷ್ಟೆಂಬ ವರದಿ ಮೇ ತಿಂಗಳಲ್ಲಿ ಬಂತು. ವರದಿ ಆಮೇಲಿನದಾದರೂ ಸ್ಥಿತಿ ಆಗಲೇ ಇತ್ತು. ಹಾಗಾಗಿ ತಿದ್ದಬೇಕು, ಮರ ಇಂಡ್ ಎಎಸ್ 16ರ ಆಸ್ತಿಯಾದ್ದರಿಂದ ಅದರ ಮೌಲ್ಯ ಕುಸಿದಿದೆಯೇ ಎಂದು ಇಂಡ್ ಎಎಸ್ 36ರ ಅಡಿಯಲ್ಲಿ ನೋಡಬೇಕು. ‘ಸುದ್ದಿ ಯಾವಾಗ ಬಂತು’ ಎಂದು ಕೇಳಿದವರು ತಪ್ಪುತ್ತಾರೆ, ‘ಸ್ಥಿತಿ ಯಾವಾಗ ಹುಟ್ಟಿತು’ ಎಂದು ಕೇಳಿದವರು ಗೆಲ್ಲುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಮೂಲಪಠ್ಯ ಇಂಗ್ಲಿಷಿನಲ್ಲಿದೆ, ವಾಕ್ಯಗಳು ಉದ್ದ. ನಾಚಿಕೆಯಿಲ್ಲದೆ ಪ್ರತಿ ಪ್ಯಾರಾದ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ, ನಿಘಂಟಿನ ಕನ್ನಡದಲ್ಲಿ ಬೇಡ, ಮನೆಯಲ್ಲಿ ಹೇಳುವ ರೀತಿಯಲ್ಲಿ. ಶಿಲ್ಕು, ಸವಕಳಿ, ಕೀರ್ದಿ, ಜಮಾ-ಖರ್ಚು ಇವೆಲ್ಲ ನಮ್ಮ ಸೊಸೈಟಿಗಳ ಪುಸ್ತಕಗಳಲ್ಲಿ ಸವೆದು ನುಣುಪಾದ ಪದಗಳು. ಅಮ್ಮನಿಗೋ, ದೊಡ್ಡಪ್ಪನಿಗೋ ಹೇಳಿ ನೋಡಿ. ಅವರು ಮರುಪ್ರಶ್ನೆ ಹಾಕಿದರೆ ನಿಮಗೆ ಅರ್ಥವಾಗಿದೆ, ‘ಹೌದಾ, ಸರಿ’ ಎಂದು ಎದ್ದು ಹೋದರೆ ಇನ್ನೊಮ್ಮೆ ಓದಬೇಕು. ಪರೀಕ್ಷೆಯಲ್ಲಿ ಮಾತ್ರ ಪಾರಿಭಾಷಿಕ ಪದಗಳನ್ನು ಮಾನದಂಡದಲ್ಲಿರುವಂತೆಯೇ ಬರೆಯಿರಿ. ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ಗೆ ಕೂರುವವರಿಗೂ ಇದು ನೆರವಾಗುತ್ತದೆ. ವಾಣಿಜ್ಯ ವಿಷಯದ ಪಠ್ಯದಲ್ಲಿ ಭಾರತೀಯ ಮಾನದಂಡಗಳೂ ಐಎಫ್‌ಆರ್‌ಎಸ್‌ಗಳೂ ಇವೆ.

ಮಳೆಗಾಲಕ್ಕೆ ಮೊದಲೇ ಬೇಕಾದ ಕಡತಗಳನ್ನೆಲ್ಲ ಮೊಬೈಲಿಗೆ ಇಳಿಸಿಟ್ಟುಕೊಳ್ಳಿ. ಜೂನ್‌ನಲ್ಲಿ ಕಂಬ ಬಿದ್ದರೆ ಕರೆಂಟು, ನೆಟ್‌ವರ್ಕ್ ಎರಡೂ ನಾಲ್ಕು ದಿನ ಇಲ್ಲ ಎಂಬುದು ನಿಮಗೆ ಹೊಸದಲ್ಲ. ಇಳಿಸುವಾಗ ಯಾವ ವರ್ಷದ ಆವೃತ್ತಿ ಎಂದು ನೋಡಿ. ಆದಾಯಕ್ಕೆ ಇಂಡ್ ಎಎಸ್ 115 ಬಂದದ್ದು 2018ರ ಏಪ್ರಿಲ್‌ನಿಂದ, ಗುತ್ತಿಗೆಗೆ 116 ಬಂದದ್ದು 2019ರ ಏಪ್ರಿಲ್‌ನಿಂದ. ಅದಕ್ಕೆ ಹಿಂದಿನ ನೋಟ್ಸ್ ಸೀನಿಯರ್‌ಗಳಿಂದ ಕೈಬದಲಾಗುತ್ತ ಈಗಲೂ ಓಡಾಡುತ್ತಿವೆ. ಲೆಕ್ಕಪಟ್ಟಿಗಳ ಸ್ವರೂಪವನ್ನೇ ಬದಲಿಸುವ ಐಎಫ್‌ಆರ್‌ಎಸ್ 18 2024ರಲ್ಲಿ ಹೊರಬಂದಿದ್ದು, 2027ರ ಜನವರಿ 1ರಿಂದ ಐಎಎಸ್ 1ರ ಜಾಗಕ್ಕೆ ಬರುತ್ತದೆ. ಆದ್ದರಿಂದ ಇಂಡ್ ಎಎಸ್ 1ರ ನೋಟ್ಸ್ ಬರೆಯುವಾಗ ಬಲಪುಟದ ತಲೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದ ದಿನದ ತಾರೀಖು ಹಾಕಿಡಿ.